ತಿಗರಿಗೆ ಎಷ್ಟು ವೇಗ?

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ನೀವೆಲ್ಲರೂ ಬಲ್ಲಿರಿ. ಆದರೆ ದೊಣ್ಣೆ ಹೊರಗಿನಿಂದಲೇ ಬರಬೇಕೆಂದೇನೂ ಇಲ್ಲ. ತಿಗರಿಯ ಕೆಳಗೆ ಕುಳಿತ ವಿದ್ಯುತ್ ಮೋಟಾರು ಕೂಡ ಆ ಕೆಲಸವನ್ನು ಚೆನ್ನಾಗಿಯೇ ಮಾಡಬಲ್ಲದು. ಮೋಟಾರು ಕೂಡಿಸಿದ ತಿಗರಿಯನ್ನು ಮನೆಯಲ್ಲೇ ಕಟ್ಟಿಕೊಳ್ಳುವ ಉತ್ಸಾಹ ಈಗ ಅನೇಕರಲ್ಲಿದೆ. ಅವರಲ್ಲಿ ಕುಂಬಾರರ ಮನೆಯ ಹುಡುಗರಿದ್ದಾರೆ. ಬಿಡುವಿನ ವೇಳೆಗೆ ಮಣ್ಣು ಕಲಸುವ ಹವ್ಯಾಸಿಗಳೂ ಇದ್ದಾರೆ. ಇವರೆಲ್ಲರ ಪ್ರಶ್ನೆ ಒಂದೇ: ಚಕ್ರ ನಿಮಿಷಕ್ಕೆ ಎಷ್ಟು ಸುತ್ತು ತಿರುಗಬೇಕು? ಇದಕ್ಕೆ ಒಂದೇ ಅಂಕಿಯ ಉತ್ತರ ಹುಡುಕುವುದರಲ್ಲೇ ತೊಡಕಿದೆ ಎಂಬುದನ್ನು ನಿಮ್ಮ ಮುಂದಿಡಲು ಬಯಸುತ್ತೇನೆ.

ಮೊದಲು ಹಳೆಯ ತಿಗರಿಯನ್ನು ನೋಡೋಣ. ಅದೊಂದು ಭಾರವಾದ ಚಕ್ರ. ಅಂಚಿನ ಬಳಿ ಒಂದು ಕುಳಿ. ಕುಂಬಾರನು ಆ ಕುಳಿಯಲ್ಲಿ ಕೋಲನ್ನಿಟ್ಟು ರಭಸದಿಂದ ತಿರುಗಿಸಿ, ಕೋಲನ್ನು ಪಕ್ಕಕ್ಕಿಟ್ಟು ಮಣ್ಣಿಗೆ ಕೈಹಚ್ಚುತ್ತಾನೆ. ಆಗ ವೇಗ ಹೆಚ್ಚು. ಮುದ್ದೆಯನ್ನು ಚಕ್ರದ ನಡುವಿಗೆ ತರಲು ಬೇಕಾದದ್ದೂ ಅದೇ. ಗೋಡೆ ಮೇಲೇಳುವ ಹೊತ್ತಿಗೆ ವೇಗ ಅರ್ಧಕ್ಕಿಳಿದಿರುತ್ತದೆ. ಬಾಯಿಯ ಅಂಚು ತಿದ್ದುವಾಗ ಚಕ್ರ ಮಂದಗತಿಗೆ ಬಂದಿರುತ್ತದೆ. ವೇಗ ಇಳಿಯುವುದು ಹಳೆಯ ತಿಗರಿಯ ದೋಷವೆಂದು ನಾವು ತಿಳಿಯುತ್ತೇವೆ. ವಾಸ್ತವವಾಗಿ ಅದು ಅದರ ದೊಡ್ಡ ಗುಣ.

ಮೋಟಾರಿನ ಸ್ವಭಾವ ಇದಕ್ಕೆ ತೀರ ವಿರುದ್ಧ. ಉತ್ತರ ಕನ್ನಡದ ಸೂಪಾ ಸೀಮೆಯನ್ನೇ ತೆಗೆದುಕೊಳ್ಳಿ. ಗಣೇಶಗುಡಿಯ ಬಳಿ ಕಾಳಿ ನದಿಗೆ ಕಟ್ಟಿದ, 101 ಮೀಟರ್ ಎತ್ತರದ ಅಣೆಕಟ್ಟಿನ ಹಿನ್ನೀರಿನಲ್ಲಿ 1980ರ ದಶಕದಲ್ಲಿ ಹಳೆಯ ಸೂಪಾ ಊರು ಮುಳುಗಿತು. ತಾಲ್ಲೂಕಿಗೆ ಜೋಯಿಡಾ ಕೇಂದ್ರವಾಯಿತು. ಆ ನೀರು ಅಣೆಕಟ್ಟಿನ ಬುಡದಲ್ಲಿಯೂ, ಮುಂದೆ ನಾಗಝರಿಯಲ್ಲಿಯೂ ಟರ್ಬೈನುಗಳನ್ನು ತಿರುಗಿಸುತ್ತದೆ. ಅಲ್ಲಿ ಹುಟ್ಟುವ ವಿದ್ಯುತ್ತು, ದೇಶದ ಉಳಿದೆಡೆಯ ಹಾಗೆ, ಸೆಕೆಂಡಿಗೆ 50 ಸಲ ಹಿಂದುಮುಂದಾಗಿ ಹರಿಯುತ್ತದೆ. ಪೇಟೆಯಲ್ಲಿ ಸಿಗುವ ನಾಲ್ಕು ಧ್ರುವಗಳ ಇಂಡಕ್ಷನ್ ಮೋಟಾರು ಈ ತಾಳಕ್ಕೆ ಕಟ್ಟುಬಿದ್ದು ನಿಮಿಷಕ್ಕೆ 1500 ಸುತ್ತಿನ ಹತ್ತಿರ, ಭಾರ ಬಿದ್ದಾಗ 1440ರ ಸುಮಾರಿಗೆ ತಿರುಗುತ್ತದೆ. ಮೇಲಿರುವುದು ಹಣತೆಯೋ ಹರವಿಯೋ ಅದಕ್ಕೆ ತಿಳಿಯದು.

ಹಾಗಾದರೆ ಮಣ್ಣು ಕೇಳುವುದು ಎಷ್ಟು? ಸಾಧಾರಣ ಗಾತ್ರದ ಪಾತ್ರೆಗೆ ಹೀಗೆ ಲೆಕ್ಕವಿಟ್ಟುಕೊಳ್ಳಬಹುದು. ಮುದ್ದೆಯನ್ನು ನಡುವಿಗೆ ತರಲು ನಿಮಿಷಕ್ಕೆ 200ರಿಂದ 250 ಸುತ್ತು. ಹೆಬ್ಬೆರಳಿನಿಂದ ಬಾಯಿ ತೆರೆಯಲು 150. ಗೋಡೆ ಎತ್ತಲು 100ರಿಂದ 150. ಅಂಚು ತಿದ್ದಲು 60ರಿಂದ 90. ಪಾತ್ರೆ ಅಗಲವಾದಷ್ಟೂ ವೇಗ ತಗ್ಗಬೇಕು. ಕಾರಣ ಸರಳವಾಗಿದೆ. ಬೆರಳಿಗೆ ತಾಗುವುದು ಚಕ್ರದ ಸುತ್ತಲ್ಲ, ಅಂಚಿನ ಓಟ. ನಿಮಿಷಕ್ಕೆ 200 ಸುತ್ತಿನಲ್ಲಿ 10 ಸೆಂಟಿಮೀಟರ್ ಅಗಲದ ಲೋಟದ ಅಂಚು ಸೆಕೆಂಡಿಗೆ ಸುಮಾರು 1 ಮೀಟರ್ ಓಡುತ್ತದೆ. 30 ಸೆಂಟಿಮೀಟರ್ ಅಗಲದ ಬೋಗುಣಿಯ ಅಂಚು ಅದೇ ವೇಳೆಯಲ್ಲಿ 3 ಮೀಟರ್ ಓಡುತ್ತದೆ. ಇದಲ್ಲದೆ, ವೇಗ ಇಮ್ಮಡಿಯಾದರೆ ಮಣ್ಣನ್ನು ಹೊರಕ್ಕೆ ಚಿಮ್ಮಿಸುವ ಬಲ ನಾಲ್ಮಡಿಯಾಗುತ್ತದೆ. ಒದ್ದೆ ಗೋಡೆ ಅದನ್ನು ತಾಳಲಾರದೆ ಹೂವಿನಂತೆ ಅರಳಿ ಮಗುಚಿಕೊಳ್ಳುತ್ತದೆ. ಮೊದಲೇ ಹೇಳಿದ ದೊಣ್ಣೆ ಇದೇ.

ಇನ್ನು 1440ನ್ನು ಇಳಿಸುವ ಉಪಾಯ. ಮೋಟಾರಿನ ದಂಡಕ್ಕೆ 5 ಸೆಂಟಿಮೀಟರಿನ ಗಾಲಿ, ನಡುವಿನ ದಂಡಕ್ಕೆ 20 ಸೆಂಟಿಮೀಟರಿನ ಗಾಲಿ ಹಾಕಿ ಬೆಲ್ಟು ತೊಡಿಸಿದರೆ ವೇಗ ಕಾಲು ಭಾಗಕ್ಕೆ, ಎಂದರೆ 360ಕ್ಕೆ ಇಳಿಯುತ್ತದೆ. ನಡುವಿನ ದಂಡದ ಮೇಲೆ 10, 7.5, 5 ಸೆಂಟಿಮೀಟರುಗಳ ಮೆಟ್ಟಿಲು ಗಾಲಿಯನ್ನೂ, ತಿಗರಿಯ ದಂಡದ ಮೇಲೆ 15, 17.5, 20ರ ಗಾಲಿಯನ್ನೂ ಎದುರುಬದುರಾಗಿ ಕೂಡಿಸಿ. ಸುಮಾರು 240, 154, 90 ಎಂಬ ಮೂರು ವೇಗಗಳು ದೊರೆಯುತ್ತವೆ. ಪ್ರತಿ ಜೋಡಿಯ ಮೊತ್ತವೂ 25 ಆಗಿರುವುದರಿಂದ ಮೂರಕ್ಕೂ ಒಂದೇ ಬೆಲ್ಟು ಸಾಕು. ಮನೆಯ ಕೆಲಸಕ್ಕೆ ಕಾಲು ಅಥವಾ ಅರ್ಧ ಅಶ್ವಶಕ್ತಿಯ ಮೋಟಾರು ಧಾರಾಳವಾಯಿತು.

ಆದರೆ ಕೈಯಲ್ಲಿ ಗೋಡೆ ಏಳುತ್ತಿರುವಾಗ ಎದ್ದುಹೋಗಿ ಬೆಲ್ಟು ಬದಲಿಸುವವರು ಯಾರು? ಇಲ್ಲಿಯೇ ಹಳೆಯ ತಿಗರಿಯ ಪಾಠ ನೆರವಿಗೆ ಬರುತ್ತದೆ. ಮೇಲಿನ ಚಕ್ರವನ್ನು ಭಾರವಾಗಿಯೇ ಇರಿಸಿ. ಬೆಲ್ಟನ್ನು ತುಸು ಸಡಿಲ ಬಿಟ್ಟು, ಕಾಲಿನಿಂದ ಒತ್ತಿದಾಗ ಮಾತ್ರ ಅದನ್ನು ಬಿಗಿಗೊಳಿಸುವ ಒಂದು ಸಣ್ಣ ಉರುಳೆಯನ್ನು ಜೋಡಿಸಿ. ಕಾಲೊತ್ತಿದರೆ ವೇಗ ಏರುತ್ತದೆ. ಕಾಲೆತ್ತಿದರೆ ಚಕ್ರ ತನ್ನ ಭಾರದಿಂದಲೇ ತಿರುಗುತ್ತ, ಮೆಲ್ಲಮೆಲ್ಲನೆ ಇಳಿಯುತ್ತದೆ. ಭಾರದ ಚಕ್ರಕ್ಕೆ ಕೋಲಿನ ಕುಳಿಯನ್ನೂ ಉಳಿಸಿಕೊಂಡರೆ, ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ತು ನಿಂತ ದಿನವೂ ಕೆಲಸ ನಿಲ್ಲದು.

ಕೆಲವರು ಫ್ಯಾನಿನ ರೆಗ್ಯುಲೇಟರನ್ನು ಇಂಥ ಮೋಟಾರಿಗೆ ಹಚ್ಚಲು ಹೊರಡುತ್ತಾರೆ. ಅದು ಬೇಡ. ಒತ್ತಡ ತಗ್ಗಿದರೆ ಮೋಟಾರಿನ ಬಲ ಕುಗ್ಗುತ್ತದೆ. ಮಣ್ಣನ್ನು ಒತ್ತಿದೊಡನೆ ಅದು ತಡವರಿಸಿ ಬಿಸಿಯೇರಿ ಸುಟ್ಟುಹೋಗಬಹುದು. ತುಸು ಹೆಚ್ಚು ಹಣ ಹಾಕಬಲ್ಲವರು ಡಿ.ಸಿ. ಮೋಟಾರನ್ನೂ ಅದಕ್ಕೆ ತಕ್ಕ ನಿಯಂತ್ರಕವನ್ನೂ ತಂದು ಕಾಲಿನ ಪೆಡಲಿಗೆ ಜೋಡಿಸಿಕೊಳ್ಳಬಹುದು.

ವೇಗವನ್ನು ಅಳೆಯುವುದು ಹೇಗೆ? ಚಕ್ರದ ಅಂಚಿಗೆ ಒಂದು ಚಿಟಿಕೆ ಮಣ್ಣು ಮೆತ್ತಿ, ಗಡಿಯಾರ ನೋಡುತ್ತ 15 ಸೆಕೆಂಡಿನಲ್ಲಿ ಅದು ಎಷ್ಟು ಸಲ ಎದುರಿಗೆ ಬಂತೆಂದು ಎಣಿಸಿ ನಾಲ್ಕರಿಂದ ಗುಣಿಸಿ. ಇನ್ನೂ ನಿಖರವಾದ ದಾರಿ ಗ್ರಾಮಾಫೋನ್ ಇಟ್ಟುಕೊಂಡಿದ್ದವರಿಗೆ ಪರಿಚಿತ. 78 ಸುತ್ತಿನ ತಟ್ಟೆಯ ವೇಗ ನೋಡಲು 77 ಗೆರೆಗಳ ಒಂದು ಕಾಗದದ ಬಿಲ್ಲೆ ಇರುತ್ತಿತ್ತು. ಹಳೆಯ ಚೋಕಿನ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುವುದರಿಂದ, ವೇಗ ಸರಿಯಾದಾಗ ಆ ಗೆರೆಗಳು ನಿಂತಂತೆ ಕಾಣುತ್ತವೆ. ತಿಗರಿಗೂ ಅದೇ ಲೆಕ್ಕ: ಸಮ ಅಂತರದ 60 ಗೆರೆಗಳು 100 ಸುತ್ತಿನಲ್ಲಿ, 40 ಗೆರೆಗಳು 150ರಲ್ಲಿ, 30 ಗೆರೆಗಳು 200ರಲ್ಲಿ ನಿಂತಂತೆ ತೋರುತ್ತವೆ. ಇಮ್ಮಡಿ ವೇಗದಲ್ಲಿಯೂ ಹಾಗೆಯೇ ತೋರುವುದರಿಂದ ಮೊದಲು ಎಣಿಸಿ ನೋಡುವುದು ಒಳ್ಳೆಯದು.

ನೀರು ಮತ್ತು ವಿದ್ಯುತ್ತು ಒಂದೆಡೆ ಸೇರುವ ಕೆಲಸವಿದು. ಮೋಟಾರಿಗೆ ನೀರು ಸಿಡಿಯದಂತೆ ಮರೆ, ಬೆಲ್ಟಿಗೆ ಹೊದಿಕೆ, ಚೌಕಟ್ಟಿಗೆ ಅರ್ಥಿಂಗ್, ಕೈಗೆಟಕುವ ಸ್ವಿಚ್ಚು, ಈ ನಾಲ್ಕನ್ನೂ ಮರೆಯಬಾರದು.

ಸೂಪಾ ಸೀಮೆಯ ನೆರೆಯ ತಾಲ್ಲೂಕಾದ ಖಾನಾಪುರ ಮಣ್ಣಿನ ಪಾತ್ರೆಗಳಿಗೆ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಅಲ್ಲಿದೆ. ಕುಂಬಾರರಿಗೆ ವಿದ್ಯುತ್ ತಿಗರಿಗಳನ್ನು ಒದಗಿಸುವ ಯೋಜನೆಯನ್ನು ಆಯೋಗವು 2018ರಲ್ಲಿ ಆರಂಭಿಸಿತು. ಕೋಲು ಹಿಡಿದು ತಿರುಗಿಸುವ ಭುಜದ ನೋವು ತಪ್ಪಿದರೆ ವಯಸ್ಸಾದವರೂ ಕಸುಬಿನಲ್ಲಿ ಉಳಿಯುತ್ತಾರೆ. ಹೆಣ್ಣುಮಕ್ಕಳೂ ಚಕ್ರದ ಮುಂದೆ ಕೂರಬಹುದು. ಆದರೆ ಯಂತ್ರದ ಓಟಕ್ಕೆ ಕೈ ಹೆದರಿ ಓಡಬೇಕಾಗಿ ಬಂದರೆ ಹೊಸ ತಿಗರಿ ಮೂಲೆ ಸೇರುತ್ತದೆ, ಅದರೊಡನೆ ಕಸುಬೂ. ಆದ್ದರಿಂದ ತಿಗರಿ ಕಟ್ಟುವವರು ಅದು ಎಷ್ಟು ವೇಗವಾಗಿ ಓಡೀತು ಎಂದು ನೋಡಿದ ಮೇಲೆ, ಎಷ್ಟು ನಯವಾಗಿ ನಿಧಾನವಾದೀತು ಎಂಬುದನ್ನೂ ತಪ್ಪದೆ ನೋಡಬೇಕು. ಮಡಕೆಯ ಬಾಯಿ ರೂಪುಗೊಳ್ಳುವುದು ಆ ನಿಧಾನದಲ್ಲಿಯೇ.