ಹೆಸರುಳಿದು ಉಸಿರಡಗಿದ ಗಣರಾಜ್ಯ

ಪ್ರಾಚೀನ ರೋಮಿನ ಚರಿತ್ರೆಯನ್ನು ಓದುವಾಗಲೆಲ್ಲ ನನ್ನನ್ನು ಕಾಡುವ ಪ್ರಶ್ನೆಯೊಂದಿದೆ. ಅಲ್ಲಿಯ ಗಣರಾಜ್ಯ ಸತ್ತದ್ದು ಯಾವ ದಿನ? ರಾಜ್ಯಗಳು ಅಳಿಯುವುದಕ್ಕೆ ಸಾಮಾನ್ಯವಾಗಿ ಒಂದು ಗುರುತಿನ ದಿನವಿರುತ್ತದೆ: ಕೋಟೆ ಬಿದ್ದ ದಿನ, ಅರಸ ಸೆರೆಯಾದ ದಿನ. ರೋಮನ್ ಗಣರಾಜ್ಯಕ್ಕೆ ಶ್ರಾದ್ಧ ಮಾಡಹೊರಟರೆ ತಿಥಿಯೇ ಸಿಕ್ಕುವುದಿಲ್ಲ.

ಪರಂಪರೆಯ ಪ್ರಕಾರ ಕ್ರಿ.ಪೂ. 509ರಲ್ಲಿ ರೋಮಿನ ಜನ ತಮ್ಮ ಕೊನೆಯ ಅರಸ ಟಾರ್ಕ್ವಿನನನ್ನು ಓಡಿಸಿದರು. ಅಂದಿನಿಂದ ಅರಸನೆಂಬ ಶಬ್ದವೇ ಅವರ ಕಿವಿಗೆ ಅಪಶಕುನವಾಯಿತು. ಒಬ್ಬನ ಬದಲು ಇಬ್ಬರು ಕಾನ್ಸಲರು. ಅವರ ಅಧಿಕಾರ ಒಂದೇ ವರ್ಷ. ಒಬ್ಬನ ಆಜ್ಞೆಯನ್ನು ಇನ್ನೊಬ್ಬ ತಡೆಯಬಹುದು. ಮುಂದೆ ಸಾಮಾನ್ಯ ಜನರ ರಕ್ಷಣೆಗೆಂದು ಟ್ರಿಬ್ಯೂನರು ಬಂದರು. ಬಡವನಿಗೆ ಸಮಪಾಲು ಕೊಟ್ಟ ವ್ಯವಸ್ಥೆಯೇನೂ ಇದಲ್ಲ; ಗುಲಾಮರಿಗಂತೂ ಅದರಲ್ಲಿ ಸ್ಥಾನವೇ ಇರಲಿಲ್ಲ. ಆದರೂ ಯಾವನೊಬ್ಬನೂ ಸರ್ವಸ್ವವಾಗಬಾರದೆಂಬ ವಿವೇಕ ಅದರ ತಳಹದಿಯಲ್ಲಿತ್ತು.

ಈ ವಿವೇಕಕ್ಕೆ ಗೆಲುವೇ ಮುಳುವಾಯಿತು. ಗೆದ್ದ ನಾಡುಗಳ ಸಂಪತ್ತೂ ಗುಲಾಮರೂ ಸಿರಿವಂತರ ಪಾಲಾದರು. ಸಣ್ಣ ರೈತ ಹಲವೆಡೆ ನೆಲೆ ತಪ್ಪಿದ. ಭೂಮಿ ಹಂಚಲು ಹೊರಟ ಟ್ರಿಬ್ಯೂನ್ ಟೈಬೀರಿಯಸ್ ಗ್ರಾಕಸ್ ಕ್ರಿ.ಪೂ. 133ರಲ್ಲಿ ಸೆನೆಟರರ ಗುಂಪಿಗೆ ಬಲಿಯಾದ. 107ರಲ್ಲಿ ಮೇರಿಯಸ್ ನೆಲವಿಲ್ಲದವರನ್ನೂ ಸೈನ್ಯಕ್ಕೆ ಸೇರಿಸಿಕೊಂಡ. ಅಂಥ ಸಿಪಾಯಿ ಕಾಳಗ ಮುಗಿದ ಮೇಲೆ ತುಂಡುನೆಲಕ್ಕಾಗಿ ನೋಡುತ್ತಿದ್ದದ್ದು ತನ್ನ ದಂಡನಾಯಕನ ಮುಖವನ್ನು. ಅನ್ನ ಎಲ್ಲಿಯದೋ ಋಣವೂ ಅಲ್ಲಿಯದೇ. 88ರಲ್ಲಿ ಸಲ್ಲಾ ತನ್ನ ಸೈನ್ಯದೊಡನೆ ರೋಮಿನ ಮೇಲೆಯೇ ಏರಿಬಂದ. 49ರಲ್ಲಿ ರೂಬಿಕಾನ್ ಹೊಳೆಯನ್ನು ದಾಟಿದ ಸೀಸರ್ ಆ ದಾರಿಯನ್ನೇ ತುಳಿದ. ಆಪತ್ಕಾಲದಲ್ಲಿ ಆರು ತಿಂಗಳಿಗೆಂದು ಹುಟ್ಟಿದ್ದ ಸರ್ವಾಧಿಕಾರವನ್ನು 44ರಲ್ಲಿ ಆತ ಬಾಳಿನುದ್ದಕ್ಕೂ ಪಡೆದ. ಅದೇ ವರ್ಷದ ಮಾರ್ಚ್ 15ರಂದು ಕೊಲೆಯಾದ. ಕೊಂದವರು ಗಣರಾಜ್ಯ ಮರಳೀತೆಂದು ನಂಬಿದ್ದರು. ಮರಳಿದ್ದು ಅಂತರ್ಯುದ್ಧ. ಗಣರಾಜ್ಯದ ಪರ ವಾದಿಸಿದ ಸಿಸೆರೋನ ತಲೆಯನ್ನೂ ಕೈಯನ್ನೂ 43ರಲ್ಲಿ ಕಡಿದು, ಆತ ನಿಂತು ಮಾತನಾಡುತ್ತಿದ್ದ ವೇದಿಕೆಯ ಮೇಲೆಯೇ ತೂಗಹಾಕಿದರು.

ಸೀಸರನ ದತ್ತುಪುತ್ರ ಆಕ್ಟೇವಿಯನ್ ಇದರಿಂದ ಪಾಠ ಕಲಿತ. ಕ್ರಿ.ಪೂ. 31ರಲ್ಲಿ ಆಕ್ಟಿಯಮ್ ಕದನದಲ್ಲಿ ಆಂಟನಿಯನ್ನು ಸೋಲಿಸಿದ ಮೇಲೆ ಅವನಿಗೆ ಎದುರಾಳಿಯಿರಲಿಲ್ಲ. ಆದರೂ 27ರಲ್ಲಿ, ಅಧಿಕಾರವನ್ನೆಲ್ಲ ಸೆನೆಟ್ಟಿಗೂ ಜನತೆಗೂ ಹಿಂದಿರುಗಿಸುವುದಾಗಿ ಸಾರಿದ. ಸೆನೆಟ್ ಅವನಿಗೆ ಅಗಸ್ಟಸ್ ಎಂಬ ಬಿರುದನ್ನಿತ್ತು, ಸೈನ್ಯದ ಬಹುಭಾಗ ಬೀಡುಬಿಟ್ಟಿದ್ದ ಪ್ರಾಂತಗಳನ್ನು ಅವನ ಕೈಗೇ ಒಪ್ಪಿಸಿತು. 23ರಲ್ಲಿ ಟ್ರಿಬ್ಯೂನನಾಗದೆಯೇ ಟ್ರಿಬ್ಯೂನನ ಅಧಿಕಾರ ಪಡೆದ. ಅರಸನೆನ್ನಿಸಿಕೊಳ್ಳಲಿಲ್ಲ, ಪೌರರಲ್ಲಿ ಮೊದಲಿಗನೆಂಬ ಅರ್ಥದ 'ಪ್ರಿನ್ಸೆಪ್ಸ್' ಎಂಬ ಮಾತೇ ಸಾಕೆಂದ. ಕಾನ್ಸಲರು ವರ್ಷವರ್ಷವೂ ಬಂದರು. ಸೆನೆಟ್ ಸೇರುತ್ತಲೇ ಇತ್ತು. ಹೆಸರು ಉಳಿಯಿತು, ಉಸಿರು ಅಡಗಿತು. ಕ್ರಿ.ಶ. 14ರಲ್ಲಿ ಆತ ತೀರಿಕೊಂಡ ವರ್ಷವೇ ಅಧಿಕಾರಿಗಳ ಚುನಾವಣೆ ಜನಸಭೆಯ ಕೈತಪ್ಪಿ ಸೆನೆಟ್ಟಿಗೆ ಹೋಯಿತು. ಜನ ಸುಮ್ಮನೆ ಗೊಣಗಿದರು, ಅಷ್ಟೇ, ಎನ್ನುತ್ತಾನೆ ಇತಿಹಾಸಕಾರ ಟ್ಯಾಸಿಟಸ್.

ಅವರನ್ನು ಹೇಡಿಗಳೆಂದು ಹಳಿಯಲು ನನಗೆ ಮನಸ್ಸು ಬಾರದು. ದಾಯಾದಿಗಳ ಕಾಳಗದಲ್ಲಿ ಬೆಂದ ತಲೆಮಾರಿಗೆ, ಬಿತ್ತಿದವನೇ ಕೊಯ್ದಾನೆಂಬ ನೆಮ್ಮದಿ ಸಣ್ಣದಲ್ಲ. ಅಗಸ್ಟಸ್ ಅದನ್ನು ಕೊಟ್ಟದ್ದೂ ನಿಜ. ಬೆಲೆ ತೆತ್ತವರು ಮುಂದಿನವರು. ಕೆಟ್ಟ ಒಡೆಯನನ್ನು ರಕ್ತ ಹರಿಸದೆ ಇಳಿಸುವ ದಾರಿ ಮುಚ್ಚಿಹೋಗಿತ್ತು, ಉಳಿದದ್ದು ಕಠಾರಿಯೊಂದೇ.

ಕ್ರಿ.ಶ. 41ರ ಜನವರಿಯಲ್ಲಿ ಆ ಕಠಾರಿಗೆ ಕ್ಯಾಲಿಗುಲ ಬಲಿಯಾದ. ಸೆನೆಟ್ ಸೇರಿತು. ಕಾನ್ಸಲ್ ಸೆಂಟಿಯಸ್ ಸ್ಯಾಟರ್ನೈನಸ್ ಎದ್ದು ನಿಂತು ಸ್ವಾತಂತ್ರ್ಯವನ್ನು ಕೊಂಡಾಡಿದ. ಮಾತು ಮುಗಿಯುತ್ತಲೇ ಇನ್ನೊಬ್ಬ ಸೆನೆಟರ್ ಬಂದು ಅವನ ಬೆರಳಿನ ಉಂಗುರವನ್ನು ಕಿತ್ತುಕೊಂಡನೆಂದು ಜೋಸೆಫಸ್ ಬರೆದಿದ್ದಾನೆ. ಉಂಗುರದ ಹರಳಿನಲ್ಲಿ ಕ್ಯಾಲಿಗುಲನ ಮುಖವನ್ನೇ ಕೆತ್ತಿತ್ತು. ಭಾಷಣದ ಭರದಲ್ಲಿ ಅದನ್ನು ಕಳಚಲು ಕಾನ್ಸಲ್ ಮರೆತಿದ್ದ. ಅಷ್ಟರಲ್ಲಿ ಅರಮನೆಯ ಕಾವಲುಪಡೆ ಕ್ಲಾಡಿಯಸನನ್ನು ಹುಡುಕಿ ತಂದು ತನ್ನ ಪಾಳೆಯದಲ್ಲಿ ಕೂರಿಸಿತ್ತು. ಮರುದಿನ ಆತನೇ ಚಕ್ರವರ್ತಿ.

ಗಣರಾಜ್ಯ ಸತ್ತ ದಿನವನ್ನು ನಾನು ಹೇಳಲಾರೆ. ಅದು ಎಂದೋ ಸತ್ತಿದೆಯೆಂದು ರೋಮಿಗೆ ತಿಳಿದದ್ದು ಆ ಉಂಗುರ ಕಣ್ಣಿಗೆ ಬಿದ್ದ ದಿನ ಎಂದು ನನಗೆ ತೋರುತ್ತದೆ.