ಪರಿಮಳಕ್ಕೂ ಒಂದು ಲೋಡ್ ಲಿಮಿಟ್ ಇದೆ

(ಸಿಡ್ನಿಯಲ್ಲಿ ನಡೆದ ಸದಸ್ಯರ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ. ಮೆಲ್ಬರ್ನ್ ಗೆಳೆಯರಿಗಾಗಿ ಒಂದೆರಡು ವಿಷಯ ಸೇರಿಸಿದ್ದೇನೆ.)



ನನ್ನನ್ನು ಮಾತಿಗೆ ಕರೆದಾಗ ಸಮಿತಿಯವರು ಇವನು ಸೋಲಾರ್ ಬಗ್ಗೆಯೋ ಕರೆಂಟ್ ಬಿಲ್ ಬಗ್ಗೆಯೋ ಹೇಳ್ತಾನೆ ಅಂದುಕೊಂಡಿದ್ದರು. ನಾನು ಎಸೆನ್ಶಿಯಲ್ ಆಯಿಲ್ ಅಂದೆ. "ಎಲೆಕ್ಟ್ರಿಷಿಯನ್‌ಗೂ ಸುಗಂಧ ತೈಲಕ್ಕೂ ಏನಪ್ಪಾ ಸಂಬಂಧ?" ಅಂತ ಒಬ್ಬರು ನಕ್ಕರು. ಸಂಬಂಧ ಇದೆ. ನಾನು ಹಾಸನದ ಸರ್ಕಾರಿ ಐಟಿಐನಲ್ಲಿ ಕಲಿತವನು, ಡಾಕ್ಟರ್ ಅಲ್ಲ. ಆದರೆ ಎಕ್ಸಾಸ್ಟ್ ಫ್ಯಾನ್ ಹಾಕೋದು, ಸ್ಮೋಕ್ ಅಲಾರ್ಮ್ ಬದಲಾಯಿಸೋದು ನನ್ನ ದಿನದ ಕೆಲಸ. ವಾರಕ್ಕೆ ಹತ್ತು ಹದಿನೈದು ಮನೆಯೊಳಗೆ ಹೋಗ್ತೀನಿ, ಯಾವ ಮನೆಯಲ್ಲಿ ಗಾಳಿ ಆಡುತ್ತೆ, ಯಾವ ಮನೆಯಲ್ಲಿ ಆಡಲ್ಲ ಅಂತ ಬಾಗಿಲಲ್ಲೇ ಗೊತ್ತಾಗುತ್ತೆ. ಇನ್ನೊಂದು ಕಾರಣ, ಘಾಟು ವಾಸನೆ ನನಗೇ ಆಗಿಬರಲ್ಲ. ಮುಚ್ಚಿದ ಕೋಣೆಯಲ್ಲಿ ಲ್ಯಾವೆಂಡರ್ ಡಿಫ್ಯೂಸರ್ ಪಕ್ಕ ಹತ್ತು ನಿಮಿಷ ನಿಂತರೆ ಸಾಕು, ಹಣೆಯ ಎರಡೂ ಕಡೆ ಬಡಿಯೋಕೆ ಶುರುವಾಗುತ್ತೆ.

ಹಾಗಂತ "ಎಲ್ಲ ಬಾಟಲಿ ಎಸೆದುಬಿಡಿ" ಅಂತ ಹೇಳೋಕೆ ಬಂದಿಲ್ಲ. ನಾವು ಶ್ರೀಗಂಧದ ನಾಡಿನವರು. 1918ರಿಂದ ಮೈಸೂರು ಸ್ಯಾಂಡಲ್ ಸೋಪಿನಲ್ಲಿ ಮಿಂದ ಜನ. ಅಷ್ಟೇ ಅಲ್ಲ, ನೆಗಡಿ ಬಂದರೆ ನಮ್ಮಜ್ಜಿ ಕೈಗೆ ಕೊಡುತ್ತಿದ್ದ ನೀಲಗಿರಿ ಎಣ್ಣೆಯ ತವರು ನಾವೀಗ ದುಡಿಯುತ್ತಿರುವ ಈ ದೇಶವೇ. ಟಿಪ್ಪು ಕಾಲದಲ್ಲಿ, 1790ರ ಸುಮಾರಿಗೆ, ನಂದಿಬೆಟ್ಟಕ್ಕೆ ಈ ಮರ ಬಂತು ಅಂತಾರೆ. ಇಲ್ಲಿ ಸಿಡ್ನಿಯಲ್ಲಿ 1788ರಲ್ಲಿ ಮೊದಲ ಹಡಗುಗಳಲ್ಲಿ ಬಂದ ವೈದ್ಯರೇ ಇದರ ಎಣ್ಣೆ ಇಳಿಸಿದ್ದರು. ಮೆಲ್ಬರ್ನ್‌ನ ಔಷಧ ವ್ಯಾಪಾರಿ ಜೋಸೆಫ್ ಬೊಸಿಸ್ಟೊ 1852ರಲ್ಲಿ ಡ್ಯಾಂಡೆನಾಂಗ್ ಹಳ್ಳದ ಪಕ್ಕ ಭಟ್ಟಿ ಹಾಕಿ ಅದನ್ನು ವ್ಯಾಪಾರವಾಗಿ ಬೆಳೆಸಿದ. ಟೀ ಟ್ರೀ ಎಣ್ಣೆಯೂ ಹಾಗೇ. ಉತ್ತರ ನ್ಯೂ ಸೌತ್ ವೇಲ್ಸ್‌ನ ಬಂಜಲಂಗ್ ಮೂಲನಿವಾಸಿಗಳು ಆ ಎಲೆಯನ್ನು ಮದ್ದಾಗಿ ಬಳಸುತ್ತಿದ್ದರು.

ಆದರೆ ಒಂದು ವಿಷಯ ಮರೆಯಬಾರದು. ನೂರು ಕೆಜಿ ಎಲೆ ಬೇಯಿಸಿ ಆವಿ ಹಿಡಿದರೆ ಸಿಗೋದು ಒಂದೆರಡು ಕೆಜಿ ಎಣ್ಣೆ. ಎಲೆ ಬೇರೆ, ಬಾಟಲಿ ಬೇರೆ. "ನ್ಯಾಚುರಲ್ ಅಲ್ವಾ, ಏನೂ ಆಗಲ್ಲ ಬಿಡಿ" ಅನ್ನೋ ಮಾತು ಇಲ್ಲೇ ಎಡವುತ್ತೆ.

ಬ್ರೇಕರ್ ಯಾಕೆ ಬೀಳುತ್ತೆ?

ಒಂದು ಸರ್ಕ್ಯೂಟ್‌ಗೆ 20 ಆಂಪ್ ಬ್ರೇಕರ್ ಇದೆ ಅನ್ನಿ. ಹೀಟರ್ 10 ಆಂಪ್ ಎಳೆಯುತ್ತೆ. ಕೆಟಲ್ ಇನ್ನೊಂದು 10. ಆಮೇಲೆ ಯಾರೋ ಟೋಸ್ಟರ್ ಹಾಕ್ತಾರೆ, ಬ್ರೇಕರ್ ಬೀಳುತ್ತೆ. ಎಲ್ಲರೂ ಟೋಸ್ಟರ್ ಕೆಟ್ಟಿದೆ ಅಂತಾರೆ. ಟೋಸ್ಟರ್ ಸರಿಯಾಗೇ ಇದೆ, ಒಟ್ಟು ಲೋಡ್ ಜಾಸ್ತಿಯಾಯ್ತು ಅಷ್ಟೇ.

ವಾಸನೆಯೂ ಹಾಗೇ. ಬಟ್ಟೆ ಸೋಪಿನ ಪುಡಿ, ಫ್ಯಾಬ್ರಿಕ್ ಸಾಫ್ಟನರ್, ಟಾಯ್ಲೆಟ್ಟಿನ ಸ್ಪ್ರೇ, ಕಾರಿನಲ್ಲಿ ನೇತಾಡುವ ಫ್ರೆಶ್ನರ್, ಬೆಳಿಗ್ಗೆಯ ಊದುಬತ್ತಿ, ಇವೆಲ್ಲದರ ಮೇಲೆ ರಾತ್ರಿ ಡಿಫ್ಯೂಸರ್. ಕೊನೆಗೆ ತಲೆ ಸಿಡಿದಾಗ ಬೈಗುಳ ಡಿಫ್ಯೂಸರಿಗೆ. ವಾಸನೆ ತಡೆಯದವರು ಮೊದಲು ಮಾಡಬೇಕಾದ್ದು ಹಿನ್ನೆಲೆಯ ಲೋಡ್ ಇಳಿಸೋದು. ಬಟ್ಟೆ ಒಗೆಯೋ ಪುಡಿಯನ್ನು 'ಫ್ರಾಗ್ರೆನ್ಸ್ ಫ್ರೀ' ಅಂತ ಇರೋದು ನೋಡಿ ತನ್ನಿ. 'ಅನ್‌ಸೆಂಟೆಡ್' ಅಂತ ಬರೆದಿದ್ದರೆ ನಂಬಬೇಡಿ. ವಾಸನೆ ಮುಚ್ಚೋಕೆ ಇನ್ನೊಂದು ಸುಗಂಧ ಹಾಕಿರಬಹುದು.

ಎಲ್ಲರ ಬ್ರೇಕರ್ ಒಂದೇ ಅಳತೆಯದಲ್ಲ. ಕೆಲವರಿಗೆ ತಲೆಶೂಲೆ, ಕೆಲವರಿಗೆ ಉಬ್ಬಸ, ಕೆಲವರಿಗೆ ಚರ್ಮದ ತುರಿಕೆ. ಮೂರೂ ಬೇರೆ ಬೇರೆ ತೊಂದರೆ, ಯಾವುದು ಅಂತ ಜಿಪಿ ಹತ್ತಿರ ತಿಳಿದುಕೊಳ್ಳೋದು ಒಳ್ಳೇದು. ಟ್ರಿಪ್ ಆಗೋದು ದೋಷ ಅಲ್ಲ, ಅದು ರಕ್ಷಣೆ. ಪದೇಪದೇ ಬೀಳುತ್ತೆ ಅಂತ 20 ಆಂಪ್ ತೆಗೆದು 32 ಹಾಕಿದರೆ ಬೀಳೋದು ನಿಲ್ಲುತ್ತೆ, ಗೋಡೆಯೊಳಗೆ ವೈರ್ ಸುಡುತ್ತೆ. ಪ್ಯಾನಡಾಲ್ ನುಂಗಿ ಅದೇ ಕೋಣೆಯಲ್ಲಿ ಕೂರೋದೂ ಅದೇ ಲೆಕ್ಕ.

ಗಾಳಿಯಲ್ಲಿ ಬಿಡುವಾಗ

ನೀರು ಹಾಕೋ ಅಲ್ಟ್ರಾಸಾನಿಕ್ ಡಿಫ್ಯೂಸರ್ ಆದರೆ 100 ಮಿಲಿಗೆ ಎರಡು ಮೂರು ಹನಿಯಿಂದ ಶುರು ಮಾಡಿ. ಒಂದು ಸಲಕ್ಕೆ ಒಂದೇ ಎಣ್ಣೆ. ನಾಲ್ಕು ಎಣ್ಣೆ ಬೆರೆಸಿದರೆ ಯಾವುದು ಆಗಲಿಲ್ಲ ಅಂತ ಕಂಡುಹಿಡಿಯೋಕೆ ಆಗಲ್ಲ. ನೀರಿಲ್ಲದೆ ಎಣ್ಣೆಯನ್ನೇ ಚಿಮ್ಮಿಸುವ ನೆಬ್ಯುಲೈಸಿಂಗ್ ಮಾದರಿ ನಮ್ಮಂಥವರಿಗೆ ಬೇಡ, ಅದು ಬಹಳ ಗಾಢ. ಹದಿನೈದು ಇಪ್ಪತ್ತು ನಿಮಿಷ ಆನ್, ಆಮೇಲೆ ಆಫ್. ರಾತ್ರಿಯೆಲ್ಲ ಓಡಿಸಬೇಡಿ. ಮೂಗು ಬೇಗ ವಾಸನೆಗೆ ಒಗ್ಗಿಹೋಗುತ್ತೆ. "ವಾಸನೆಯೇ ಬರ್ತಿಲ್ಲ" ಅಂತ ಇನ್ನೂ ನಾಲ್ಕು ಹನಿ ಹಾಕ್ತೀವಿ. ಗಾಳಿಯಲ್ಲಿ ಇರೋದು ಇದ್ದೇ ಇರುತ್ತೆ.

ಕಿಟಕಿ ನಾಲ್ಕು ಬೆರಳು ತೆರೆದಿಡಿ. ಮೆಲ್ಬರ್ನ್ ಚಳಿಯಲ್ಲಿ ಕಷ್ಟ, ಗೊತ್ತು. ಇಡೀ ದಿನ ಬೇಡ, ಡಿಫ್ಯೂಸರ್ ಓಡುವಷ್ಟು ಹೊತ್ತು ಸಾಕು. ಎಕ್ಸಾಸ್ಟ್ ಫ್ಯಾನ್ ನಿಜವಾಗಿ ಎಳೆಯುತ್ತಾ ನೋಡೋಕೆ ಒಂದು ಟಿಶ್ಯೂ ಹಾಳೆ ಹಿಡಿದು ನೋಡಿ. ಅಂಟಿಕೊಂಡರೆ ಸರಿ, ಬಿದ್ದರೆ ಧೂಳು ಕಟ್ಟಿದೆ ಅಂತ ಲೆಕ್ಕ. ಎಷ್ಟೋ ಬಾಡಿಗೆ ಮನೆಗಳಲ್ಲಿ ಒಲೆ ಮೇಲಿನ ರೇಂಜ್‌ಹುಡ್ ಗಾಳಿಯನ್ನು ಹೊರಗೆ ಕಳಿಸೋದೇ ಇಲ್ಲ, ಫಿಲ್ಟರ್ ದಾಟಿಸಿ ಮತ್ತೆ ನಿಮ್ಮ ಮುಖಕ್ಕೇ ಬಿಡುತ್ತೆ.

ವಿಕ್ಟೋರಿಯಾದವರು ಇದನ್ನು ಗಮನವಿಟ್ಟು ಕೇಳಿ. ಮನೆಯಲ್ಲಿ ಹಳೇ ಕಾಲದ, ಚಿಮಣಿಗೆ ಹೊಗೆ ಹೋಗುವ ಓಪನ್ ಫ್ಲೂ ಗ್ಯಾಸ್ ಹೀಟರ್ ಇದ್ದರೆ, ಕಿಟಕಿ ಎಲ್ಲ ಮುಚ್ಚಿ ಎಕ್ಸಾಸ್ಟ್ ಫ್ಯಾನ್ ಹಾಕಬೇಡಿ. ಫ್ಯಾನ್ ಎಳೆತಕ್ಕೆ ಚಿಮಣಿಯಲ್ಲಿ ಹೋಗಬೇಕಾದ ಕಾರ್ಬನ್ ಮಾನಾಕ್ಸೈಡ್ ಕೋಣೆಯೊಳಗೆ ಬರಬಹುದು. ಅದಕ್ಕೆ ವಾಸನೆಯೇ ಇಲ್ಲ, ಜೀವ ತೆಗೆಯುತ್ತೆ. ಕಿಟಕಿ ತೆರೆದೇ ಫ್ಯಾನ್ ಹಾಕಿ, ಹೀಟರ್‌ಗೆ ಸರ್ವಿಸ್ ಮಾಡಿಸಿ.

ಡಿಫ್ಯೂಸರನ್ನು ಸ್ಮೋಕ್ ಅಲಾರ್ಮ್ ಕೆಳಗೆ ಇಡಬೇಡಿ. ಆ ಮಂಜನ್ನೇ ಹೊಗೆ ಅಂದುಕೊಂಡು ಕೂಗುತ್ತೆ. ಕೂಗಿತು ಅಂತ ಅಲಾರ್ಮಿಗೆ ಪ್ಲಾಸ್ಟಿಕ್ ಕಟ್ಟಿದ ಮನೆಗಳನ್ನು ನೋಡಿದ್ದೀನಿ. ದಯವಿಟ್ಟು ಬೇಡ, ಡಿಫ್ಯೂಸರ್ ಜಾಗ ಬದಲಿಸಿ. ಅಡಾಪ್ಟರ್ ಮೇಲೆ ಆರ್‌ಸಿಎಂ ಗುರುತು ಇದೆಯಾ ನೋಡಿ ಕೊಳ್ಳಿ. ಈ ಎಣ್ಣೆಗಳು ಹೊತ್ತಿಕೊಳ್ಳುತ್ತವೆ. ಕ್ಯಾಂಡಲ್ ಪಕ್ಕ, ಹೀಟರ್ ಪಕ್ಕ ಬಾಟಲಿ ಬೇಡ. ಮಸಾಜ್ ಎಣ್ಣೆ ಹೀರಿದ ಟವೆಲ್‌ಗಳನ್ನು ಡ್ರೈಯರ್‌ನಲ್ಲಿ ಒಣಗಿಸಿ ಬಿಸಿಯಲ್ಲೇ ರಾಶಿ ಹಾಕಿದರೆ ತಾವಾಗೇ ಕಾವೇರಿ ಹೊತ್ತಿಕೊಳ್ಳಬಹುದು. ಮಸಾಜ್ ಅಂಗಡಿಗಳಲ್ಲಿ ಕೆಲಸ ಮಾಡುವ ಗೆಳೆಯರು ಇದನ್ನು ನೆನಪಿಡಿ.

ಮೈಗೆ ಹಚ್ಚುವಾಗ

ನೇರವಾಗಿ ಬಾಟಲಿಯಿಂದ ಚರ್ಮಕ್ಕೆ ಬೇಡ. 30 ಮಿಲಿ ಕೊಬ್ಬರಿ ಎಣ್ಣೆಗೆ ಆರು ಹನಿ ಹಾಕಿದರೆ ಸುಮಾರು ಶೇಕಡಾ 1. ಸೂಕ್ಷ್ಮ ಚರ್ಮದವರು ಮೂರೇ ಹನಿ ಹಾಕಿ. ಮೊದಲು ಮೊಣಕೈ ಒಳಭಾಗದಲ್ಲಿ ಒಂಚೂರು ಹಚ್ಚಿ ಎರಡು ದಿನ ಕಾಯಿರಿ. ಉರಿ, ಕೆಂಪು, ತುರಿಕೆ ಬಂದರೆ ಸೋಪು ಹಾಕಿ ತೊಳೆದು ಅಲ್ಲಿಗೇ ಬಿಡಿ. ಸ್ನಾನದ ನೀರಿಗೆ ಹನಿ ಬಿಟ್ಟರೆ ಅದು ಬೆರೆಯಲ್ಲ, ಮೇಲೆ ತೇಲಿ ನೇರ ಚರ್ಮಕ್ಕೇ ಅಂಟುತ್ತೆ.

ಹಳೇ ಬಾಟಲಿ ಬಗ್ಗೆ ಎಚ್ಚರ. ಗಾಳಿ, ಬೆಳಕು ತಾಗಿದಂತೆ ಲ್ಯಾವೆಂಡರ್, ನಿಂಬೆ, ಟೀ ಟ್ರೀ ಎಣ್ಣೆಗಳು ಕೆಡುತ್ತವೆ. ಕೆಟ್ಟ ಎಣ್ಣೆಯೇ ಚರ್ಮಕ್ಕೆ ಹೆಚ್ಚು ಅಲರ್ಜಿ ತರೋದು. ತೆರೆದ ತಾರೀಕು ಬಾಟಲಿ ಮೇಲೆ ಬರೆದು, ಮುಚ್ಚಳ ಬಿಗಿಮಾಡಿ, ಕತ್ತಲಲ್ಲಿ ಇಡಿ. ಸುಡುವ ಯೂಟಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ. ಬರ್ಗಮಾಟ್‌ನಂಥ ಹಿಂಡಿ ತೆಗೆದ ಸಿಟ್ರಸ್ ಎಣ್ಣೆ ಹಚ್ಚಿ ಈ ದೇಶದ ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತೆ ಆಗುತ್ತೆ. ಛಾವಣಿ ಮೇಲೆ ದುಡಿಯೋರು ನೆನಪಿಟ್ಟುಕೊಳ್ಳಿ. ಬೆಕ್ಕು, ನಾಯಿ ಇರೋ ಮನೆಯಲ್ಲಿ ಟೀ ಟ್ರೀ ದೂರವಿಡಿ, ಅವಕ್ಕೆ ಅದು ವಿಷ.

ಬಾಯಿಗೆ ಬೇಡವೇ ಬೇಡ

ನ್ಯೂ ಸೌತ್ ವೇಲ್ಸ್ ಪಾಯ್ಸನ್ಸ್ ಇನ್‌ಫರ್ಮೇಶನ್ ಸೆಂಟರ್‌ಗೆ 2014ರ ಜುಲೈನಿಂದ 2018ರ ಜೂನ್‌ವರೆಗೆ ಈ ಎಣ್ಣೆಗಳ ಬಗ್ಗೆ 4412 ಕರೆ ಬಂದವು. ಹತ್ತಿರ ಹತ್ತಿರ ಅರ್ಧ ನೀಲಗಿರಿ ಎಣ್ಣೆಯದೇ. ಮೂರರಲ್ಲಿ ಎರಡರ ಹತ್ತಿರ ಮಕ್ಕಳಿಗೆ ಆದದ್ದು. ಕೆಮ್ಮಿನ ಸಿರಪ್ ಅಂದುಕೊಂಡು ಕುಡಿದವರೂ ಕುಡಿಸಿದವರೂ ಇದ್ದರು. ಒಂದು ಟೀ ಚಮಚ, 5 ಮಿಲಿ, ಮಗುವಿನ ಜೀವಕ್ಕೇ ಕುತ್ತು ತರಬಹುದು. ಆದ್ದರಿಂದ ಔಷಧದ ಡಬ್ಬಿಯಲ್ಲಿ ಸಿರಪ್ ಪಕ್ಕ ಈ ಬಾಟಲಿ ಇಡಬೇಡಿ. ಕುಡಿದರೆ ವಾಂತಿ ಮಾಡಿಸಬೇಡಿ. ತಕ್ಷಣ 13 11 26ಕ್ಕೆ ಫೋನ್ ಮಾಡಿ. ಆಸ್ಟ್ರೇಲಿಯಾದಲ್ಲಿ ಎಲ್ಲಿಂದಲಾದರೂ, ಹಗಲು ರಾತ್ರಿ ಸಿಗುತ್ತೆ. ಮಗು ತೂಕಡಿಸಿದರೆ, ಫಿಟ್ಸ್ ಬಂದರೆ, ಉಸಿರು ಕಟ್ಟಿದರೆ ನೇರ 000.

ಬಾಟಲಿ ಮೇಲೆ 'ಆಸ್ಟ್ ಎಲ್' ನಂಬರ್ ಇದ್ದರೆ ಟಿಜಿಎ ಪಟ್ಟಿಯಲ್ಲಿದೆ ಅಂತ ಅರ್ಥ, ಕುಡಿಯಬಹುದು ಅಂತ ಅಲ್ಲ. ನಮ್ಮ ದೇವರ ಮನೆಯ ಕರ್ಪೂರಕ್ಕೂ ಇದೇ ಮಾತು. ಸಕ್ಕರೆಯಂತೆ ಕಾಣುತ್ತೆ, ಮಗು ಬಾಯಿಗೆ ಹಾಕಿಕೊಂಡರೆ ಫಿಟ್ಸ್ ಬರುತ್ತೆ. ಎರಡು ವರ್ಷದೊಳಗಿನ ಕೂಸಿನ ಎದೆಗೆ, ಮೂಗಿನ ಹತ್ತಿರ ಕರ್ಪೂರದೆಣ್ಣೆ, ನೀಲಗಿರಿ, ವಿಕ್ಸ್ ಯಾವುದೂ ಬೇಡ. ಊರಿಂದ ಬಂದ ಅಜ್ಜಿಯರಿಗೆ ಇದನ್ನು ಮೆತ್ತಗೆ ಹೇಳಿ. ಬಸುರಿಯರು ಡಾಕ್ಟರನ್ನು ಕೇಳದೆ ಬಳಸಬಾರದು.

ಬಾಯಿಬಿಟ್ಟು ಹೇಳೋದು

ಇಷ್ಟೂ ತಂತ್ರದ ಮಾತಾಯ್ತು. ಕಷ್ಟದ ಮಾತು ಈಗ. ಹ್ಯಾರಿಸ್ ಪಾರ್ಕ್‌ನ ಒಂದು ಶೇರಿಂಗ್ ಮನೆಗೆ ಪವರ್ ಪಾಯಿಂಟ್ ರಿಪೇರಿಗೆ ಬೆಳಿಗ್ಗೆ ಆರೂವರೆಗೆ ಹೋಗಿದ್ದೆ. ಅಲ್ಲಿದ್ದ ಐದು ಜನರಲ್ಲಿ ಒಬ್ಬ, ತುಮಕೂರು ಕಡೆ ಹುಡುಗ, ಡ್ರೈವ್‌ವೇಯಲ್ಲಿ ಕಾರಿನ ಸೀಟು ಮಲಗಿಸಿಕೊಂಡು ನಿದ್ದೆ ಮಾಡ್ತಿದ್ದ. "ಯಾಕೋ ಇಲ್ಲಿ?" ಅಂದೆ. "ಒಳಗೆ ಎಣ್ಣೆ ಮಿಷಿನ್ ಹಾಕ್ತಾರೆ ಅಣ್ಣ, ಎದೆ ಬಿಗಿಯುತ್ತೆ. ಹೇಳಿದ್ರೆ ಇವನದೊಂದು ನಖರ ಅಂತಾರೆ" ಅಂದ. ಮೂರು ವಾರದಿಂದ ಹಾಗೇ ಮಲಗ್ತಿದ್ದನಂತೆ. ಅದೂ ಜುಲೈ ಚಳಿಯಲ್ಲಿ.

ಒಳಗಿದ್ದವರೇನು ಕೆಟ್ಟವರಲ್ಲ. ಅವರಲ್ಲೊಬ್ಬನಿಗೆ ನೈಟ್ ಶಿಫ್ಟ್, ಲ್ಯಾವೆಂಡರ್ ಹಾಕಿದರೆ ನಿದ್ದೆ ಬರುತ್ತೆ ಅಂತ ಯಾರೋ ಹೇಳಿದ್ದರು. ಚಹಾ ಕುಡಿಯುವಾಗ ಮಾತು ತೆಗೆದೆ. ಐದು ನಿಮಿಷದಲ್ಲಿ ತೀರ್ಮಾನವಾಯ್ತು. ಹಾಲ್‌ನಲ್ಲಿ ಡಿಫ್ಯೂಸರ್ ಇಲ್ಲ. ಬೇಕಾದವನು ಕರವಸ್ತ್ರಕ್ಕೆ ಒಂದು ಹನಿ ಹಾಕಿ ತನ್ನ ದಿಂಬಿನ ಪಕ್ಕ ಇಟ್ಟುಕೊಳ್ಳೋದು. ಹುಡುಗನನ್ನು ಜಿಪಿ ಹತ್ತಿರ ಕಳಿಸಿದರು. ಅವನಿಗೆ ಇದ್ದದ್ದು ಆಸ್ತಮಾ. ಅಲ್ಲಿವರೆಗೆ ಅವನ ಹತ್ತಿರ ಒಂದು ನೀಲಿ ಪಫರ್ ಕೂಡ ಇರಲಿಲ್ಲ.

ನಮ್ಮಲ್ಲಿ ಬಾಡಿಗೆ ಹಂಚಿಕೊಂಡಿರೋರು, ಹೊಸದಾಗಿ ಬಂದೋರು, ವೀಸಾಗೆ ಕಾಯ್ತಿರೋರು ಯಾರ ಹತ್ತಿರವೂ ತಕರಾರು ಮಾಡೋಕೆ ಹೆದರುತ್ತಾರೆ. ಕೆಲಸದ ಜಾಗದಲ್ಲೂ ಅಷ್ಟೇ. ಅದಕ್ಕೆ ಉದ್ದ ಕಥೆ ಬೇಕಿಲ್ಲ. "ಘಾಟು ವಾಸನೆಗೆ ನನಗೆ ಉಸಿರು ಕಟ್ಟುತ್ತೆ, ಕಿಟಕಿ ಪಕ್ಕದ ಜಾಗ ಕೊಡ್ತೀರಾ, ಈ ಸ್ಪ್ರೇ ಬದಲು ವಾಸನೆ ಇಲ್ಲದ್ದು ತರಬಹುದಾ" ಅಂತ ಸೂಪರ್‌ವೈಸರ್‌ಗೆ ನಾಲ್ಕು ಸಾಲು ಮೆಸೇಜ್ ಹಾಕಿ. ಡಾಕ್ಟರ್ ಚೀಟಿ ಇದ್ದರೆ ಜೊತೆಗೆ ಕಳಿಸಿ. ಎಣ್ಣೆ ಬಳಸೋರೂ ಹಚ್ಚೋ ಮೊದಲು ಒಂದು ಮಾತು ಕೇಳಿ: "ನಿಮಗೆ ಆಗುತ್ತಾ?"

ಕೊನೆಗೆ ಒಂದು ಕೋರಿಕೆ. 2016ರ ನವೆಂಬರ್ 21ರ ಸಂಜೆ ಮೆಲ್ಬರ್ನ್‌ನಲ್ಲಿ ಗುಡುಗು ಮಳೆಯ ಜೊತೆ ರೈ ಹುಲ್ಲಿನ ಪರಾಗ ಸಿಡಿದು ಗಾಳಿ ತುಂಬಿತು. ಸಾವಿರಾರು ಜನ ಉಸಿರಾಡಲಾಗದೆ ಆಸ್ಪತ್ರೆಗೆ ಓಡಿದರು, ಹತ್ತು ಜನ ತೀರಿಕೊಂಡರು. ಆಸ್ಪತ್ರೆಗೆ ಹೋದವರಲ್ಲಿ ಭಾರತ, ಶ್ರೀಲಂಕಾ ಕಡೆಯವರ ಪಾಲು ದೊಡ್ಡದಿತ್ತು. ಎಷ್ಟೋ ಜನರಿಗೆ ಅದುವರೆಗೆ ಇದ್ದದ್ದು ಬರೀ ಸೀನು, ಮೂಗು ಸೋರೋದು. ಅದು ಎಣ್ಣೆಯಿಂದ ಆದದ್ದಲ್ಲ, ನಿಜ. ಆದರೆ ನಮ್ಮ ರಾಜ್ಯೋತ್ಸವ ಬರೋದು ಅದೇ ಪರಾಗದ ತಿಂಗಳಲ್ಲಿ. ಶ್ವಾಸನಾಳ ಮೊದಲೇ ಕೆರಳಿರೋ ಹೊತ್ತಿನಲ್ಲಿ ಮುಚ್ಚಿದ ಹಾಲ್‌ನಲ್ಲಿ ಮುನ್ನೂರು ಜನ, ಧೂಪ, ಊದುಬತ್ತಿ, ಮೂಲೆಗೊಂದು ಡಿಫ್ಯೂಸರ್ ಯಾಕೆ? ಈ ಸಲ ದೀಪ ಹಚ್ಚೋಣ, ತಾಯಿ ಭುವನೇಶ್ವರಿಗೆ ಹೂವು ಏರಿಸೋಣ, ಧೂಪವನ್ನು ಹೊರಗಿನ ಅಂಗಳದಲ್ಲಿ ಇಡೋಣ. ಹಾಲ್‌ನ ಎರಡೂ ಕಡೆ ಬಾಗಿಲು ತೆರೆದಿರಲಿ. ಫಸ್ಟ್ ಏಡ್ ಡಬ್ಬಿಯಲ್ಲಿ ನೀಲಿ ಪಫರ್, ಸ್ಪೇಸರ್ ಇರಲಿ. ಉಬ್ಬಸ ಬಂದವರನ್ನು ನೆಟ್ಟಗೆ ಕೂರಿಸಿ, ಒಂದೊಂದೇ ಪಫ್‌ನಂತೆ ನಾಲ್ಕು ಪಫ್, ಪ್ರತಿ ಪಫ್‌ಗೂ ನಾಲ್ಕು ಉಸಿರು, ನಾಲ್ಕು ನಿಮಿಷ ಕಾಯೋದು, ಇಳಿಯದಿದ್ದರೆ 000ಗೆ ಫೋನ್ ಮಾಡಿ ಮತ್ತೆ ನಾಲ್ಕು ಪಫ್ ಕೊಡೋದು. ಇದು ಗೊತ್ತಿರೋ ಇಬ್ಬರು ಬಾಗಿಲ ಹತ್ತಿರ ಇರಲಿ. ಆ ಇಬ್ಬರಲ್ಲಿ ಒಬ್ಬನಾಗಿ ನನ್ನ ಹೆಸರು ಬರೆದುಕೊಳ್ಳಿ. ಇನ್ನೊಬ್ಬರು ಯಾರು ಬರ್ತೀರಾ, ಊಟದ ಹೊತ್ತಿಗೆ ಬಂದು ಹೇಳಿ.

 ಸಿರಿಗನ್ನಡಂ ಗೆಲ್ಗೆ.