ಗೃಹಭಂಗ ಮುಗಿದ ಮೇಲೆ: ಭೈರಪ್ಪನವರ ‘ಭಿತ್ತಿ’

ಇವತ್ತು ಎಸ್.ಎಲ್. ಭೈರಪ್ಪನವರ ಆತ್ಮಕಥೆ ‘ಭಿತ್ತಿ’ ಬಗ್ಗೆ ಮಾತಾಡೋಣ. 1996ರಲ್ಲಿ ಬಂದ ಪುಸ್ತಕ. ಭಿತ್ತಿ ಅಂದ್ರೆ ಗೋಡೆ. ಚಿತ್ರ ಬರೆಯೋಕೆ ಮೊದಲು ಒಂದು ಗೋಡೆ ಬೇಕಲ್ಲ, ಆ ಗೋಡೆ. ಕಾದಂಬರಿಗಳು ಚಿತ್ರಗಳಾದ್ರೆ, ಅವುಗಳ ಹಿಂದಿರೋದು ಈ ಬದುಕು.

‘ಗೃಹಭಂಗ’ ಓದಿದವರಿಗೆ ಅದರ ಕೊನೆ ಮರೆಯೋಲ್ಲ. ಪ್ಲೇಗಿಗೆ ಮೊದಲು ಇಬ್ಬರು ಮಕ್ಕಳು, ಆಮೇಲೆ ತಾಯಿ ನಂಜಮ್ಮ. ಉಳಿದ ಪುಟ್ಟ ವಿಶ್ವನನ್ನ ಮಹಾದೇವಯ್ಯನವರು ಕರ್ಕೊಂಡು ಹೊರಡ್ತಾರೆ. ಕಾದಂಬರಿ ಅಲ್ಲಿಗೆ ಮುಗಿಯುತ್ತೆ. ಆದರೆ ಪ್ಲೇಗಿಗೆ ತಾಯಿಯನ್ನೂ ಒಡಹುಟ್ಟಿದವರನ್ನೂ ಕಳ್ಕೊಂಡ ನಿಜವಾದ ಹುಡುಗ, ಹಾಸನ ಜಿಲ್ಲೆ ಸಂತೇಶಿವರದವನು, ಮುಂದೆ ಏನಾದ? ಅದನ್ನ ಹೇಳೋದು ಭಿತ್ತಿ.

ಓದಿಗಾಗಿ ಸಿಕ್ಕ ಸಿಕ್ಕ ಕೆಲಸ ಮಾಡ್ತಾರೆ. ಹೈಸ್ಕೂಲು ಅರ್ಧಕ್ಕೆ ಬಿಟ್ಟು ಅಲೆದಾಡ್ತಾ ಮುಂಬೈ ಸೇರಿ ರೈಲ್ವೆ ಕೂಲಿ ಆಗ್ತಾರೆ. ಸಾಧುಗಳ ಜೊತೆ ಕೆಲವು ತಿಂಗಳು ತಿರುಗ್ತಾರೆ. ಮತ್ತೆ ಮೈಸೂರಿಗೆ ಬಂದು ಓದು ಮುಂದುವರಿಸ್ತಾರೆ. ತತ್ತ್ವಶಾಸ್ತ್ರದಲ್ಲಿ ಎಂ.ಎ., ಚಿನ್ನದ ಪದಕ.

ನಾನು ಎಂ.ಟೆಕ್‌ಗೆ ಸೇರುವಾಗ ಮೊದಲು ನೋಡಿದ್ದು ಪ್ಲೇಸ್‌ಮೆಂಟ್. ಅದರಲ್ಲಿ ತಪ್ಪೇನಿಲ್ಲ, ಮನೆ ನಡೀಬೇಕು. ಊಟಕ್ಕೇ ಗತಿ ಇಲ್ಲದ ಹುಡುಗ ತತ್ತ್ವಶಾಸ್ತ್ರ ಯಾಕೆ ಹಿಡಿದ? ಸಾವು ಅಂದ್ರೇನು ಅಂತ ತಿಳ್ಕೊಳ್ಳೋಕೆ. ಆ ಪ್ರಶ್ನೆ ಮನೆಯಲ್ಲೇ ಹುಟ್ಟಿತ್ತು. ನಾವು ನಮ್ಮ ಕಥೆಯನ್ನ ‘ಕಷ್ಟಪಟ್ಟೆ, ಮೇಲೆ ಬಂದೆ’ ಅಂತ ಎರಡೇ ಮಾತಲ್ಲಿ ಮುಗಿಸ್ತೀವಿ. ಆದರೆ ಅಮ್ಮನ ಸಾವನ್ನ ಯಾವ ಪದಕ ಸರಿದೂಗಿಸುತ್ತೆ ಹೇಳಿ?

ಇನ್ನೊಂದು ವಿಷಯ, ಹೊರನಾಡಲ್ಲಿರೋ ನಮಗೆ ಹತ್ತಿರದ್ದು. ಹುಬ್ಬಳ್ಳಿಯಲ್ಲಿ ಪಾಠ ಮಾಡಿದ ಮೇಲೆ ಅವರು ಗುಜರಾತಿನ ಸರ್ದಾರ್ ಪಟೇಲ್ ವಿಶ್ವವಿದ್ಯಾಲಯಕ್ಕೆ, ಅಲ್ಲಿಂದ ದೆಹಲಿಯ ಎನ್‌ಸಿಇಆರ್‌ಟಿಗೆ ಹೋದರು. 1965ರ ‘ವಂಶವೃಕ್ಷ’, 1970ರ ‘ಗೃಹಭಂಗ’ ಎರಡೂ ಈ ಹೊರನಾಡಿನ ವರ್ಷಗಳವು. ಸುತ್ತ ಗುಜರಾತಿ, ಹಿಂದಿ. ‘ಗೃಹಭಂಗ’ದ ಪುಟಗಳ ಮೇಲೆ ಮಾತ್ರ ತಿಪಟೂರು, ಚನ್ನರಾಯಪಟ್ಟಣ ಸೀಮೆಯ ಕನ್ನಡ. ‘ಇಲ್ಲಿ ಕನ್ನಡದ ವಾತಾವರಣ ಇಲ್ಲ ಕಣ್ರೀ’ ಅಂತ ವಾರಕ್ಕೊಂದ್ಸಲ ಗೊಣಗೋ ನಾವು ಇದನ್ನ ಸ್ವಲ್ಪ ಯೋಚಿಸಬೇಕು.

2025ರ ಸೆಪ್ಟೆಂಬರ್‌ನಲ್ಲಿ ಭೈರಪ್ಪನವರು ತೀರಿಕೊಂಡರು. ಅವರ ವಿಚಾರಗಳನ್ನ ಒಪ್ಪೋರೂ ಇದ್ದಾರೆ, ಜಗಳ ಆಡೋರೂ ಇದ್ದಾರೆ. ಯಾರೇ ಆಗಲಿ, ಮೊದಲು ಗೃಹಭಂಗ, ಆಮೇಲೆ ಭಿತ್ತಿ, ಈ ಕ್ರಮದಲ್ಲಿ ಓದಿ. ಈ ವಾರ ಊರಿಗೆ ಫೋನ್ ಮಾಡಿದಾಗ ‘ಊಟ ಆಯ್ತಾ’ ಆದ್ಮೇಲೆ ಇನ್ನೊಂದು ಪ್ರಶ್ನೆ ಕೇಳಿ: ‘ಅಮ್ಮಾ, ನೀನು ಚಿಕ್ಕವಳಿದ್ದಾಗ ಮನೇಲಿ ಹೇಗಿತ್ತು?’ ಹೇಳೋರು ಇರುವಾಗಲೇ ಕೇಳ್ಬೇಕು.